ಆಟಿಟ್ಯೂಡ್ ಎಲ್ಲಿಂದ ಬರುತ್ತೆ? ಮೇಲಿನವರು, ಪಕ್ಕದವರು ಮತ್ತು ನಮ್ಮ ಕೆಲಸ

ನಮ್ಮ ಕ್ಯಾಂಪಸ್ಸಿನಲ್ಲಿ 'ಆಟಿಟ್ಯೂಡ್' ಅನ್ನೋ ಪದಕ್ಕೆ ಒಂದೇ ಅರ್ಥ: ಜಂಭ. 'ಅವನಿಗೆ ಆಟಿಟ್ಯೂಡ್ ಜಾಸ್ತಿ ಕಣೋ' ಅಂದ್ರೆ ಎದುರಿಗೆ ಸಿಕ್ಕರೂ ಮಾತಾಡಿಸಲ್ಲ ಅಂತ. ಪ್ಲೇಸ್‌ಮೆಂಟ್ ಟ್ರೈನಿಂಗ್ ಕೊಡೋರು ಇದೇ ಪದವನ್ನು ಬೇರೆ ಥರ ಬಳಸ್ತಾರೆ. 'ಸ್ಕಿಲ್ ನಾವು ಕಲಿಸ್ತೀವಿ, ಆಟಿಟ್ಯೂಡ್ ನೀವೇ ತರಬೇಕು' ಅಂತಾರೆ. ಅಂದರೆ ಅದು ಬ್ಲಡ್ ಗ್ರೂಪ್ ಇದ್ದ ಹಾಗೆ, ಕೆಲವರಿಗೆ ಒಳ್ಳೇದು ಇರುತ್ತೆ, ಕೆಲವರಿಗೆ ಇರಲ್ಲ, ಕಂಪನಿಗೆ ಹೋಗುವಾಗ ಬ್ಯಾಗಲ್ಲಿ ಹಾಕಿಕೊಂಡು ಹೋಗಬೇಕು ಅನ್ನೋ ಲೆಕ್ಕ.

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನಾಲ್ಕು ವಾರದ ಒಂದು ಅನುಭವ ಮತ್ತು ಲೈಬ್ರರಿಯಲ್ಲಿ ಓದಿದ ಕೆಲವು ಹಳೆಯ ಅಧ್ಯಯನಗಳು ಈ ನಂಬಿಕೆಯನ್ನು ಅಲ್ಲಾಡಿಸಿದವು. ಕೆಲಸದ ಬಗ್ಗೆ ನಮ್ಮ ಮನೋಭಾವದ ದೊಡ್ಡ ಭಾಗ ನಾವು ಮನೆಯಿಂದ ತಂದದ್ದಲ್ಲ. ಅದು ಕೆಲಸದ ಜಾಗದಲ್ಲೇ ತಯಾರಾಗುತ್ತೆ, ಅದನ್ನು ತಯಾರು ಮಾಡೋದು ಮುಖ್ಯವಾಗಿ ಇಬ್ಬರು: ನಮ್ಮ ಮೇಲಿರುವವರು ಮತ್ತು ನಮ್ಮ ಪಕ್ಕದಲ್ಲಿರುವವರು. ಈ ಲೇಖನ ಅದರ ಬಗ್ಗೆ.

ನಲವತ್ತು ಬುಶ್‌ಗಳು

ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಒಂದು ಚಿಕ್ಕ ಮಷಿನ್ ಶಾಪಿಗೆ ಟ್ರೈನಿಂಗ್ ಅಂತ ಹೋಗಿದ್ದೆ. ಕೆಲಸ ದೊಡ್ಡದೇನಲ್ಲ. ಲೇಥ್‌ನಿಂದ ಇಳಿದ ಬುಶ್‌ಗಳ ಹೊರಗಿನ ಡಯಾಮೀಟರನ್ನು ವರ್ನಿಯರ್‌ನಲ್ಲಿ ಅಳೆದು ರಿಜಿಸ್ಟರ್‌ನಲ್ಲಿ ಬರೆಯೋದು. 25 ಮಿ.ಮೀ. ಇರಬೇಕು, 0.05 ಹೆಚ್ಚುಕಡಿಮೆ ಆದರೆ ನಡೆಯುತ್ತೆ. ಮೊದಲ ವಾರವೇ ಎಡವಟ್ಟು ಮಾಡಿದೆ. ಆ ವರ್ನಿಯರ್‌ಗೆ 0.06 ಮಿ.ಮೀ. ಝೀರೋ ಎರರ್ ಇತ್ತು. ಫಿಸಿಕ್ಸ್ ಲ್ಯಾಬಲ್ಲಿ ಎಷ್ಟು ಸಲ ಬರೆದಿದ್ದೆನೋ, ಅಲ್ಲಿ ಮಾತ್ರ ನೋಡೋದೇ ಮರೆತೆ. ಸಂಜೆ ವರ್ನಿಯರ್ ಒರೆಸಿ ಇಡುವಾಗ ಗೊತ್ತಾಯ್ತು. ಅಷ್ಟರಲ್ಲಿ 40 ಪೀಸ್ 'ಓಕೆ' ಟ್ರೇಗೆ ಹೋಗಿದ್ದವು. ನಾನು 25.00 ಅಂತ ಬರೆದದ್ದು ನಿಜವಾಗಿ 24.94. ಅಂದ್ರೆ ರಿಜೆಕ್ಟ್.

ಸೂಪರ್‌ವೈಸರ್ ಹತ್ತು ಹೆಜ್ಜೆ ದೂರದಲ್ಲೇ ಇದ್ದರು. ನಾನು ಹೇಳಲಿಲ್ಲ. ಯಾಕಂದ್ರೆ ಅವತ್ತು ಬೆಳಿಗ್ಗೆ ತಾನೇ, ಒಂದು ಟೂಲ್ ಮುರಿದದ್ದಕ್ಕೆ, ನನ್ನ ಅಪ್ಪನ ವಯಸ್ಸಿನ ಒಬ್ಬ ಆಪರೇಟರ್‌ಗೆ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದಿದ್ದರು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಟೀ ಟೈಮಲ್ಲಿ ಪಕ್ಕದ ಮಷಿನ್ನಿನ ಅಣ್ಣ 'ಯಾಕೋ ತಮ್ಮಾ, ಮುಖ ಸಪ್ಪಗಿದೆ?' ಅಂದ್ರು. ಹೇಳಿಬಿಟ್ಟೆ. ಅವರು ನಗಲಿಲ್ಲ, ಬೈಯಲಿಲ್ಲ. 'ಮಾಲು ಹೋಗೋದು ಮಧ್ಯಾಹ್ನ. ಬಾ, ಇಬ್ಬರೂ ಸೇರಿ ಇನ್ನೊಂದು ಸಲ ಅಳೆದುಬಿಡೋಣ' ಅಂದ್ರು. 17 ಪೀಸ್ ಹೊರಗೆ ಬಿದ್ದವು. ಸೂಪರ್‌ವೈಸರ್‌ಗೂ ಅವರೇ ಹೋಗಿ ಹೇಳಿದರು. ನನಗೆ ಬೈಗುಳ ಬಿತ್ತು. ಅದಾದ ಮೇಲೆ ಆ ಸೆಕ್ಷನ್ನಿನಲ್ಲಿ ಗಡಿಯಾರ ನೋಡಿಕೊಂಡೇ ದಿನ ಕಳೆದೆ. ಹೇಳಿದಷ್ಟು ಮಾಡೋದು, ಏನೂ ಕೇಳೋದು ಬೇಡ.

ಮೂರನೇ ವಾರ ಬೇರೆ ಸೆಕ್ಷನ್‌ಗೆ ಹಾಕಿದರು. ಅಲ್ಲಿಯೂ ಒಂದು ತಪ್ಪು ಮಾಡಿದೆ, ಡ್ರಾಯಿಂಗ್‌ನ ಹಳೇ ರಿವಿಷನ್ ಇಟ್ಟುಕೊಂಡು ಚೆಕ್ ಮಾಡ್ತಿದ್ದೆ. ಗೊತ್ತಾದ ಐದೇ ನಿಮಿಷದಲ್ಲಿ ಅಲ್ಲಿನ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದೆ. ಅವರು 'ಒಳ್ಳೇದಾಯ್ತು ಈಗಲೇ ಹೇಳಿದ್ದು. ಹಳೇ ಡ್ರಾಯಿಂಗ್ ಟೇಬಲ್ ಮೇಲೆ ಯಾರು ಬಿಟ್ಟದ್ದು ಅಂತ ಮೊದಲು ನೋಡೋಣ' ಅಂದ್ರು. ಆ ಎರಡು ವಾರ ನಾನು ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೋಗ್ತಿದ್ದೆ. ಯಾರೂ ಹೇಳಿರಲಿಲ್ಲ.

ಈಗ ಯೋಚನೆ ಮಾಡಿ. ಅದೇ ಶಾಪ್, ಅದೇ ಊಟ, ಎರಡೂ ಕಡೆ ಸ್ಟೈಪೆಂಡ್ ಸೊನ್ನೆ, ಅದೇ ನಾನು. ಮೊದಲ ಸೂಪರ್‌ವೈಸರನ್ನು ಕೇಳಿದ್ರೆ 'ಆ ಹುಡುಗನಿಗೆ ಆಟಿಟ್ಯೂಡ್ ಸರಿ ಇಲ್ಲ' ಅಂತಿದ್ರು. ಎರಡನೆಯವರನ್ನು ಕೇಳಿದ್ರೆ 'ಒಳ್ಳೇ ಹುಡುಗ' ಅಂತಿದ್ರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ.

ಮನೋಭಾವ ಅಂದ್ರೆ ಏನು?

ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಮನೋಭಾವವನ್ನು ಮೂರು ಭಾಗ ಮಾಡ್ತಾರೆ. ಒಂದು, ಏನು ಅಂದುಕೊಳ್ತೀವಿ ('ಇಲ್ಲಿ ನ್ಯಾಯ ಇಲ್ಲ'). ಎರಡು, ಏನು ಅನಿಸುತ್ತೆ ('ಬೆಳಿಗ್ಗೆ ಎದ್ದರೆ ಹೋಗೋಕೆ ಬೇಜಾರು'). ಮೂರು, ಏನು ಮಾಡೋಕೆ ಹೊರಡ್ತೀವಿ ('ಬೇರೆ ಕೆಲಸ ನೋಡ್ತೀನಿ'). ಕೆಲಸದ ವಿಷಯಕ್ಕೆ ಬಂದರೆ ಮುಖ್ಯವಾಗಿ ಎರಡನ್ನು ಅಳೀತಾರೆ: ಕೆಲಸದಲ್ಲಿ ತೃಪ್ತಿ ಎಷ್ಟಿದೆ, ಸಂಸ್ಥೆಯ ಮೇಲೆ ನಿಷ್ಠೆ ಎಷ್ಟಿದೆ. ಇವೆರಡೂ ಬೇರೆ ಬೇರೆ. ಕೋಡಿಂಗ್ ಇಷ್ಟ ಇದ್ದು ಕಂಪನಿ ಇಷ್ಟ ಇಲ್ಲದೆ ಇರಬಹುದು, ಕಂಪನಿ ಇಷ್ಟ ಇದ್ದು ಕೆಲಸ ಬೋರ್ ಆಗಬಹುದು.

ಷಿಕಾಗೋ ಪಕ್ಕದ ಒಂದು ಕಾರ್ಖಾನೆ

ಈ ವಿಷಯದ ಚರ್ಚೆ ಶುರುವಾಗಿದ್ದು ಒಂದು ಇಂಜಿನಿಯರಿಂಗ್ ಪ್ರಯೋಗದಿಂದ. ಅಮೆರಿಕದ ಷಿಕಾಗೋ ನಗರದ ಪಕ್ಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಅನ್ನೋ ದೊಡ್ಡ ಕಾರ್ಖಾನೆ ಇತ್ತು. ಟೆಲಿಫೋನ್ ಸಾಮಗ್ರಿ ತಯಾರಾಗ್ತಿದ್ದ ಜಾಗ. 1924ರಲ್ಲಿ ಅಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಬೆಳಕು ಹೆಚ್ಚು ಮಾಡಿದರೆ ಕೆಲಸ ಹೆಚ್ಚಾಗುತ್ತಾ? ನಮ್ಮ ಲ್ಯಾಬ್ ಪ್ರಯೋಗದ ಥರಾನೇ, ಇನ್‌ಪುಟ್ ಬದಲಾಯಿಸಿ ಔಟ್‌ಪುಟ್ ನೋಡೋದು. ಆದರೆ ಗ್ರಾಫ್ ಸರಿಯಾಗಿ ಬರಲೇ ಇಲ್ಲ. ಬೆಳಕಿಗೂ ಉತ್ಪಾದನೆಗೂ ನೇರ ಸಂಬಂಧ ಸಿಗಲಿಲ್ಲ.

1927ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಟೆಲಿಫೋನ್ ರಿಲೇ ಜೋಡಿಸುವ ಐದು ಹುಡುಗಿಯರನ್ನು, ಅವರಿಗೆ ಬಿಡಿಭಾಗ ಕೊಡೋಕೆ ಇನ್ನೊಬ್ಬರನ್ನು, ದೊಡ್ಡ ಹಾಲ್‌ನಿಂದ ಬೇರೆ ಕೋಣೆಗೆ ತಂದು ಕೂರಿಸಿದರು. ಮಧ್ಯೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಸಮಯ ಕಡಿಮೆ ಮಾಡಿದರು. ಉತ್ಪಾದನೆ ಏರ್ತಾ ಹೋಯ್ತು. ಆಮೇಲೆ ಆ ಸೌಲಭ್ಯಗಳನ್ನೆಲ್ಲ ಕೆಲವು ವಾರ ವಾಪಸ್ ತೆಗೆದುಕೊಂಡರು. ಉತ್ಪಾದನೆ ಹಳೆಯ ಮಟ್ಟಕ್ಕೆ ಇಳಿಯಬೇಕಿತ್ತು, ಇಳಿಯಲಿಲ್ಲ.

ಹಾರ್ವರ್ಡ್‌ನ ಎಲ್ಟನ್ ಮೇಯೋ ಮತ್ತು ಫ್ರಿಟ್ಜ್ ರೋತ್ಲಿಸ್‌ಬರ್ಗರ್ ಇದಕ್ಕೆ ಕೊಟ್ಟ ವಿವರಣೆ ಏನಂದ್ರೆ, ಆ ಕೋಣೆಯಲ್ಲಿ ಬದಲಾಗಿದ್ದು ಬರೀ ಟೈಮ್‌ಟೇಬಲ್ ಅಲ್ಲ, ಸಂಬಂಧ. ಅಲ್ಲಿ ಕೂತಿದ್ದ ವೀಕ್ಷಕ ಗದರಿಸುವ ಫೋರ್‌ಮನ್ ಆಗಿರಲಿಲ್ಲ. ಬದಲಾವಣೆ ಮಾಡೋ ಮೊದಲು ಹುಡುಗಿಯರ ಅಭಿಪ್ರಾಯ ಕೇಳ್ತಿದ್ದರು. ಅವರು ತಮ್ಮತಮ್ಮಲ್ಲೇ ಮಾತಾಡಬಹುದಿತ್ತು, ಸ್ನೇಹಿತರೂ ಆದರು. ಮೇಲಿನವರ ಭಯ ಇಲ್ಲದಿರೋದೇ ತಮಗೆ ಇಷ್ಟ ಅಂತ ಅವರೇ ಹೇಳಿದ್ದೂ ದಾಖಲಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಯನ್ನು ಎಷ್ಟೋ ಕಡೆ ಸಿನಿಮಾ ಥರ ಹೇಳ್ತಾರೆ, ನಾವು ಇಂಜಿನಿಯರ್‌ಗಳು ಹಾಗೆ ನಂಬಬಾರದು. ಐದು ಜನರ ಸ್ಯಾಂಪಲ್ ತೀರಾ ಚಿಕ್ಕದು. ಮಧ್ಯದಲ್ಲಿ, 1928ರಲ್ಲಿ, 'ಮಾತು ಜಾಸ್ತಿ, ಕೆಲಸ ಕಡಿಮೆ' ಅಂತ ಇಬ್ಬರನ್ನು ತೆಗೆದು ಬೇರೆಯವರನ್ನು ಹಾಕಿದ್ದರು. ಸಂಬಳ ಲೆಕ್ಕ ಹಾಕುವ ರೀತಿಯೂ ಬದಲಾಗಿತ್ತು: ಇಡೀ ವಿಭಾಗದ ಬದಲು ಆ ಚಿಕ್ಕ ಗುಂಪಿನ ಉತ್ಪಾದನೆಯ ಮೇಲೆ. 1967ರಲ್ಲಿ ಅಲೆಕ್ಸ್ ಕೇರಿ ಅನ್ನೋ ವಿದ್ವಾಂಸ ಇವನ್ನೆಲ್ಲ ಎತ್ತಿ ತೋರಿಸಿ ಕಟುವಾಗಿ ಟೀಕಿಸಿದರು. ಆದ್ದರಿಂದ ಹಾಥಾರ್ನ್‌ನಿಂದ 'ಸಂಬಂಧ ಚೆನ್ನಾಗಿದ್ರೆ ಸಾಕು, ಸಂಬಳ ಬೇಡ' ಅಂತ ಕಲಿಯೋಕೆ ಆಗಲ್ಲ. ಅಲ್ಲಿ ನಿಜವಾಗಿ ಶುರುವಾಗಿದ್ದು ಒಂದು ಪ್ರಶ್ನೆ: ಕೆಲಸಗಾರ ಮಷಿನ್ ಅಲ್ಲದಿದ್ದರೆ, ಅವನ ಸುತ್ತ ಇರೋ ಜನ ಅವನ ಮೇಲೆ ಏನು ಪರಿಣಾಮ ಮಾಡ್ತಾರೆ?

ಮೇಲಿನವರು: ಕಂಪನಿಗೆ ಒಂದು ಮುಖ

ಆಮೇಲೆ ಬಂದ ಅಧ್ಯಯನಗಳು ಈ ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ನೋಡಿದವು. ಮೂರನ್ನು ಹೇಳ್ತೀನಿ.

ಮೊದಲನೆಯದು 1959ರ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರ ಅಧ್ಯಯನ. ಇದು ನಮಗೆ ಹತ್ತಿರದ್ದು, ಯಾಕಂದ್ರೆ ಅವರು ಮಾತಾಡಿಸಿದ ಸುಮಾರು 200 ಜನ ಇಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳು. 'ಕೆಲಸದಲ್ಲಿ ತುಂಬಾ ಖುಷಿಯಾದ ಸಮಯ ಹೇಳಿ, ತುಂಬಾ ಬೇಜಾರಾದ ಸಮಯ ಹೇಳಿ' ಅಂತ ಕೇಳಿದರು. ಖುಷಿಯ ಕಥೆಗಳಲ್ಲಿ ಹೆಚ್ಚು ಬಂದದ್ದು ಸಾಧನೆ, ಮೆಚ್ಚುಗೆ, ಕೆಲಸದ ಸ್ವರೂಪ. ಬೇಜಾರಿನ ಕಥೆಗಳಲ್ಲಿ ಹೆಚ್ಚು ಬಂದದ್ದು ಕಂಪನಿಯ ನಿಯಮಗಳು ಮತ್ತು ಮೇಲ್ವಿಚಾರಣೆ. ಅಂದರೆ ಸೂಪರ್‌ವೈಸರ್ ಒಳ್ಳೆಯವರಾದ ಮಾತ್ರಕ್ಕೆ ಕೆಲಸ ಅದ್ಭುತ ಆಗಲ್ಲ, ಆದರೆ ಕೆಟ್ಟವರಾದರೆ ಒಳ್ಳೆ ಕೆಲಸವೂ ಹಾಳಾಗುತ್ತೆ. ಅಡುಗೆಯಲ್ಲಿ ಉಪ್ಪಿನ ಥರ: ಸರಿಯಾಗಿದ್ರೆ ಯಾರೂ ಹೊಗಳಲ್ಲ, ತಪ್ಪಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಇನ್ನೊಂದು ಗಮನಿಸಿ. ಖುಷಿಯ ಪಟ್ಟಿಯಲ್ಲಿರೋ 'ಮೆಚ್ಚುಗೆ' ಯಾರ ಬಾಯಿಂದ ಬರುತ್ತೆ? ಹೆಚ್ಚಿನ ಸಲ ಮೇಲಿನವರ ಬಾಯಿಂದಲೇ.

ಎರಡನೆಯದು 1975ರಲ್ಲಿ ಡಾನ್ಸರೋ, ಗ್ರೇನ್ ಮತ್ತು ಹಾಗಾ ಬರೆದದ್ದು. ಒಬ್ಬ ಮ್ಯಾನೇಜರ್ ತನ್ನ ಕೈಕೆಳಗಿನ ಎಲ್ಲರ ಜೊತೆ ಒಂದೇ ರೀತಿ ಇರ್ತಾನೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ರು. ಇವರು ಹಾಗಲ್ಲ ಅಂದ್ರು. ಒಬ್ಬೊಬ್ಬರ ಜೊತೆ ಒಂದೊಂದು ಸಂಬಂಧ ಇರುತ್ತೆ. ಕೆಲವರು ಒಳಗಿನವರು, ಅವರಿಗೆ ಒಳ್ಳೆ ಕೆಲಸ, ಮಾಹಿತಿ, ನಂಬಿಕೆ ಸಿಗುತ್ತೆ. ಕೆಲವರು ಹೊರಗಿನವರು, ಅವರದು ಬರೀ ಕಾಗದದ ಮೇಲಿನ ಸಂಬಂಧ: ಹೇಳಿದ್ದು ಮಾಡು, ಸಂಬಳ ತಗೋ. ಆಮೇಲೆ ಇದೊಂದು ಚಕ್ರ ಆಗುತ್ತೆ. ಒಳಗಿನವರಿಗೆ ಅವಕಾಶ ಸಿಕ್ಕಿ ಚೆನ್ನಾಗಿ ಮಾಡ್ತಾರೆ, ಚೆನ್ನಾಗಿ ಮಾಡಿದ್ದಕ್ಕೆ ಇನ್ನಷ್ಟು ನಂಬಿಕೆ. ಹೊರಗಿನವರಿಗೆ ಅವಕಾಶವೇ ಇಲ್ಲ, ಆಮೇಲೆ 'ಅವರಿಗೆ ಆಸಕ್ತಿ ಇಲ್ಲ' ಅನ್ನೋ ಹೆಸರು. ಕಂಟ್ರೋಲ್ ಸಿಸ್ಟಮ್ಸ್ ಓದೋರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್. ಶುರುವಿನ ಚಿಕ್ಕ ವ್ಯತ್ಯಾಸ ಬೆಳೀತಾನೇ ಹೋಗುತ್ತೆ. ನಮ್ಮ ಕ್ಲಾಸಲ್ಲೇ ನೋಡಿ, ಮೊದಲ ವಾರ ಒಂದು ಉತ್ತರ ಸರಿ ಹೇಳಿದವನನ್ನೇ ಸೆಮಿಸ್ಟರ್ ಪೂರ್ತಿ ಬೋರ್ಡ್ ಹತ್ತಿರ ಕರೀತಾರೆ.

ಮೂರನೆಯದು 1986ರಲ್ಲಿ ರಾಬರ್ಟ್ ಐಸೆನ್‌ಬರ್ಗರ್ ಮತ್ತು ತಂಡದವರು ಮುಂದಿಟ್ಟ ವಿಚಾರ. ನೌಕರರು ಸಂಸ್ಥೆಯನ್ನು ಒಬ್ಬ ಮನುಷ್ಯನ ಥರ ನೋಡ್ತಾರಂತೆ: 'ಕಂಪನಿಗೆ ನನ್ನ ಮೇಲೆ ಕಾಳಜಿ ಇದೆಯಾ?' ಅಂತ. ಕಂಪನಿಗೆ ಮುಖ ಇಲ್ಲ, ಬಾಯಿ ಇಲ್ಲ. ಹಾಗಾಗಿ ದಿನಾ ಎದುರಿಗೆ ಸಿಗುವ ಸೂಪರ್‌ವೈಸರ್ ಮುಖವೇ ಕಂಪನಿಯ ಮುಖ ಆಗಿಬಿಡುತ್ತೆ. ಅಮ್ಮನಿಗೆ ಜ್ವರ ಅಂತ ಒಂದು ದಿನ ರಜೆ ಕೇಳಿದಾಗ 'ಹೋಗಿ ಬಾ, ಇಲ್ಲಿ ನಾನು ನೋಡ್ಕೋತೀನಿ' ಅಂದ್ರೆ, ಕಂಪನಿ ಒಳ್ಳೇದು. 'ನಿಮ್ಮದು ದಿನಾ ಇದ್ದದ್ದೇ' ಅಂದ್ರೆ, ಕಂಪನಿ ಕೆಟ್ಟದ್ದು. ಎರಡೂ ಕಡೆ ರಜೆ ನಿಯಮ ಒಂದೇ ಇರಬಹುದು. ನನ್ನ ಆ ಮಷಿನ್ ಶಾಪಿನ ಮಾಲೀಕರನ್ನು ನಾನು ನೋಡಿದ್ದು ಎರಡೇ ಸಲ, ಆದರೂ ಮೊದಲ ಎರಡು ವಾರ 'ಈ ಕಂಪನಿ ಸರಿ ಇಲ್ಲ' ಅಂತ ಮನೆಯಲ್ಲಿ ಹೇಳ್ತಿದ್ದೆ.

ಪಕ್ಕದವರು: ಬರೆದಿಡದ ರೂಲ್ ಬುಕ್

ಮೇಲಿನವರು ಕಂಪನಿಯ ಬಗ್ಗೆ ಏನು ಅನಿಸಬೇಕು ಅನ್ನೋದನ್ನು ಕಲಿಸ್ತಾರೆ. ಪಕ್ಕದವರು ಕಲಿಸೋದು ಬೇರೆ: ಎಷ್ಟು ಕೆಲಸ ಮಾಡಬೇಕು, ಯಾರನ್ನು ನಂಬಬೇಕು.

ಇದಕ್ಕೆ ಒಳ್ಳೆ ಉದಾಹರಣೆಯೂ ಹಾಥಾರ್ನ್‌ನಲ್ಲೇ ಇದೆ. 1931-32ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ನ ಬ್ಯಾಂಕ್‌ಗಳಿಗೆ ವೈರಿಂಗ್ ಮಾಡೋ 14 ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ ಗಮನಿಸಿದರು. ಈ ಸಲ ಏನೂ ಬದಲಾಯಿಸಲಿಲ್ಲ, ಸುಮ್ಮನೆ ನೋಡಿದರು. ಇಡೀ ಗುಂಪಿನ ಉತ್ಪಾದನೆ ಹೆಚ್ಚಾದರೆ ಎಲ್ಲರಿಗೂ ದುಡ್ಡು ಹೆಚ್ಚು ಸಿಗುವ ಲೆಕ್ಕ ಇತ್ತು. ಆದರೂ ಅವರು ತಮ್ಮಲ್ಲೇ 'ಒಂದು ದಿನಕ್ಕೆ ಇಷ್ಟು ಸಾಕು' ಅನ್ನೋ ಮಟ್ಟ ಇಟ್ಟುಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಿದವನಿಗೆ ಅಡ್ಡ ಹೆಸರು. ತೀರಾ ಕಡಿಮೆ ಮಾಡಿದವನಿಗೂ ಅಡ್ಡ ಹೆಸರು. ಮೇಲಿನವರಿಗೆ ಚಾಡಿ ಹೇಳಿದವನಂತೂ ಗುಂಪಿನಿಂದ ಹೊರಗೆ. ರೂಲ್ ಮೀರಿದವನ ತೋಳಿಗೆ ಒಂದು ಗುದ್ದು ಬೀಳ್ತಿತ್ತು. ಹೆಚ್ಚು ಮಾಡಿದರೆ ನಾಳೆ ಮ್ಯಾನೇಜ್‌ಮೆಂಟ್ ಅದನ್ನೇ ಟಾರ್ಗೆಟ್ ಮಾಡುತ್ತೆ, ಇಲ್ಲ ಕೆಲವರನ್ನು ಮನೆಗೆ ಕಳಿಸುತ್ತೆ ಅನ್ನೋ ಭಯ ಅದರ ಹಿಂದೆ ಇತ್ತು. ಅದು ಆರ್ಥಿಕ ಮಹಾಕುಸಿತದ ಕಾಲ, ಭಯಕ್ಕೆ ಕಾರಣವೂ ಇತ್ತು.

ನಗಬೇಡಿ, ಹಾಸ್ಟೆಲಲ್ಲೂ ಇದೇ ನಡೆಯುತ್ತೆ. ಅಸೈನ್‌ಮೆಂಟ್ ಎಲ್ಲರಿಗಿಂತ ಮೊದಲು ಸಬ್‌ಮಿಟ್ ಮಾಡಿದವನಿಗೆ ಏನಂತೀವಿ? ಮಾಸ್ ಬಂಕ್ ದಿನ ಕ್ಲಾಸಿಗೆ ಹೋದವನಿಗೆ? ನಮಗೂ ಬರೆದಿಡದ ರೂಲ್ ಬುಕ್ ಇದೆ.

ಆದರೆ ಪಕ್ಕದವರ ಶಕ್ತಿ ಒಳ್ಳೇದಕ್ಕೂ ಕೆಲಸ ಮಾಡುತ್ತೆ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1953ರಲ್ಲಿ ಅಹಮದಾಬಾದ್‌ನ ಕ್ಯಾಲಿಕೋ ಮಿಲ್‌ನಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಧ್ಯಯನ ಮಾಡಿದರು. ಹೊಸ ಆಟೋಮ್ಯಾಟಿಕ್ ಮಗ್ಗಗಳು ಬಂದಿದ್ದವು, ಆದರೆ ನಿರೀಕ್ಷೆ ಮಾಡಿದಷ್ಟು ಬಟ್ಟೆ ಬರ್ತಿರಲಿಲ್ಲ. ಕಾರಣ ಮಷಿನ್ ಅಲ್ಲ. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಂಚಿದ್ದರು. ಒಬ್ಬ ನೇಯೋದನ್ನು ನೋಡಿಕೊಳ್ಳೋನು, ಇನ್ನೊಬ್ಬ ಎಣ್ಣೆ ಹಾಕೋನು, ಮತ್ತೊಬ್ಬ ಗುಡಿಸೋನು. ಒಬ್ಬೊಬ್ಬರ ಪಾಲಿಗೆ ಬೇರೆ ಬೇರೆ ಸಂಖ್ಯೆಯ ಮಗ್ಗ. ಹಾಗಾಗಿ 'ಇದು ನಮ್ಮ ಮಗ್ಗ, ಇವರು ನಮ್ಮ ಗುಂಪು' ಅನ್ನೋ ಭಾವನೆಗೆ ಜಾಗವೇ ಇರಲಿಲ್ಲ. ಒಂದು ಗುಂಪಿಗೆ ಒಂದಿಷ್ಟು ಮಗ್ಗ ಅಂತ ಒಟ್ಟಾಗಿ ಕೊಟ್ಟು ನೋಡೋಣ ಅಂತ ತೀರ್ಮಾನ ಆದಾಗ, ಯಾರ ಜೊತೆ ಯಾರು ಅನ್ನೋದನ್ನು ಕೆಲಸಗಾರರೇ ಬೇಗ ಬೇಗ ಆರಿಸಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯ್ತು. ಮಗ್ಗ ಅದೇ, ಮನುಷ್ಯರೂ ಅವರೇ. ಬದಲಾಗಿದ್ದು ಯಾರು ಯಾರಿಗೆ ಸಹಾಯ ಮಾಡೋಕೆ ಸಾಧ್ಯ ಅನ್ನೋದು.

ತಪ್ಪು ಹೇಳೋಕೆ ಧೈರ್ಯ ಇದೆಯಾ?

ಈಗ ನನಗೆ ತುಂಬಾ ಮುಖ್ಯ ಅನಿಸಿದ ಅಧ್ಯಯನ. 1990ರ ದಶಕದ ಮೊದಲಲ್ಲಿ ಏಮಿ ಎಡ್ಮಂಡ್‌ಸನ್ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡ್ತಿದ್ದರು. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡ್ತಿದ್ದ ಒಂದು ದೊಡ್ಡ ಅಧ್ಯಯನದಲ್ಲಿ ಅವರ ಕೆಲಸ ತಂಡಗಳ ಕಡೆ ಗಮನ ಕೊಡೋದು. ಚೆನ್ನಾಗಿ ಕೂಡಿ ಕೆಲಸ ಮಾಡೋ ವಾರ್ಡ್‌ಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂತ ಅವರ ಊಹೆ. ಡೇಟಾ ಬಂದಾಗ ಉಲ್ಟಾ! ಒಳ್ಳೆ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು.

ನಮ್ಮಲ್ಲಿ ಯಾರಾದ್ರೂ ಆಗಿದ್ರೆ ರೀಡಿಂಗ್ ಸರಿಮಾಡಿ ರೆಕಾರ್ಡ್ ಬರೆದುಬಿಡ್ತಿದ್ವಿ. ಅವರು ಯೋಚನೆ ಮಾಡಿದರು: ಒಳ್ಳೆ ತಂಡಗಳು ಹೆಚ್ಚು ತಪ್ಪು ಮಾಡ್ತಿಲ್ಲ, ಹೆಚ್ಚು ಹೇಳ್ತಿವೆ ಅಂತ ಇರಬಹುದಾ? ಮುಂದೆ ವಿಚಾರಿಸಿದಾಗ ಹಾಗೇ ಕಂಡಿತು. ಹೆಡ್ ನರ್ಸ್ ಬೈಯೋ ವಾರ್ಡ್‌ಗಳಲ್ಲಿ ತಪ್ಪು ಮುಚ್ಚಿಹೋಗ್ತಿತ್ತು. 1999ರಲ್ಲಿ ಅವರು ಒಂದು ತಯಾರಿಕಾ ಕಂಪನಿಯ 51 ತಂಡಗಳ ಮೇಲೆ ಅಧ್ಯಯನ ಪ್ರಕಟಿಸಿದರು. 'ಇಲ್ಲಿ ಪ್ರಶ್ನೆ ಕೇಳಿದ್ರೆ, ತಪ್ಪು ಒಪ್ಪಿಕೊಂಡ್ರೆ ನನ್ನ ಮರ್ಯಾದೆ ತೆಗೆಯಲ್ಲ' ಅನ್ನೋ ನಂಬಿಕೆ ಇದ್ದ ತಂಡಗಳು ಹೆಚ್ಚು ಕಲೀತಿದ್ದವು, ಹಾಗಾಗಿ ಕೆಲಸವೂ ಚೆನ್ನಾಗಿರ್ತಿತ್ತು. ಗೂಗಲ್ ಕಂಪನಿ 2012ರಿಂದ ತನ್ನದೇ ಸುಮಾರು 180 ತಂಡಗಳನ್ನು ಪರಿಶೀಲಿಸಿದಾಗಲೂ, ಒಳ್ಳೆ ತಂಡದ ಲಕ್ಷಣಗಳಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಇದೇ.

ನನ್ನ 40 ಬುಶ್‌ಗಳಿಗೆ ವಾಪಸ್ ಬರೋಣ. ಮೊದಲ ಸೂಪರ್‌ವೈಸರ್ ಹತ್ತಿರ ದಿನದ ರಿಪೋರ್ಟಲ್ಲಿ ತಪ್ಪು ಸೊನ್ನೆ. ನೋಡೋಕೆ ಚೆನ್ನಾಗಿದೆ! ಆದರೆ ಆ ಅಣ್ಣ ಟೀ ಕುಡೀತಾ ಒಂದು ಮಾತು ಕೇಳದೆ ಇದ್ದಿದ್ರೆ, 17 ಕೆಟ್ಟ ಪೀಸ್ ಯಾವುದೋ ಗಾಡಿಯೊಳಗೆ ಸೇರಿರ್ತಿದ್ದವು. ಮೇಲಿನವರ ಜೊತೆ ಕೆಟ್ಟಿದ್ದ ಸಂಬಂಧವನ್ನು ಪಕ್ಕದವರ ಸಂಬಂಧ ಒಂದಿಷ್ಟು ಸರಿದೂಗಿಸಿತು. ಆದರೆ ಪ್ರತಿ ಶಾಪಲ್ಲೂ ಅಂಥ ಅಣ್ಣ ಇರ್ತಾರೆ ಅಂತ ಗ್ಯಾರಂಟಿ ಇಲ್ಲ.

ಒಳ್ಳೆಯವರು ಅಂದ್ರೆ ಮೆತ್ತಗಿರೋರಾ?

ಇಲ್ಲ. ನನ್ನ ಎರಡನೇ ಸೂಪರ್‌ವೈಸರ್ ಮೆತ್ತಗೇನೂ ಇರಲಿಲ್ಲ. ಶೂ ಹಾಕದೆ ಬಂದ ಒಬ್ಬನನ್ನು ಗೇಟಿಂದಲೇ ವಾಪಸ್ ಕಳಿಸಿದ್ದರು. ಅವರ ನಿಯಮ ಎಲ್ಲರಿಗೂ ಒಂದೇ, ಬೈಯೋದಿದ್ರೆ ಕೆಲಸದ ಬಗ್ಗೆ, ಅದೂ ಪಕ್ಕಕ್ಕೆ ಕರೆದು. ಹಾಗೇ, ಸ್ನೇಹ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ ಅನ್ನೋದೂ ನಿಜ. ಬ್ಯಾಂಕ್ ವೈರಿಂಗ್ ಕೋಣೆಯಲ್ಲಿ ಸ್ನೇಹ ಚೆನ್ನಾಗೇ ಇತ್ತು, ಕೆಲಸ ನಿಂತದ್ದೂ ಅದರಿಂದಲೇ. ಸಂಬಳ ಕಡಿಮೆ ಕೊಟ್ಟು, ಹನ್ನೆರಡು ಗಂಟೆ ದುಡಿಸಿ, 'ನಾವೆಲ್ಲ ಒಂದೇ ಫ್ಯಾಮಿಲಿ' ಅನ್ನೋ ಕಂಪನಿಗಳ ಬಗ್ಗೆಯೂ ಹುಷಾರಾಗಿರಬೇಕು. ಸಂಬಂಧ ಸಂಬಳಕ್ಕೆ ಬದಲಿ ಅಲ್ಲ.

ನಾವು ಏನು ಮಾಡಬಹುದು?

ಒಂದು, ಇಂಟರ್ನ್‌ಶಿಪ್ ಅಥವಾ ಕೆಲಸ ನೋಡುವಾಗ ಎಷ್ಟು ಲಕ್ಷ ಅಂತ ಕೇಳೋ ಜೊತೆಗೆ, ಅಲ್ಲಿರೋ ಸೀನಿಯರ್‌ಗಳಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. 'ಅಕ್ಕಾ, ನಿಮ್ಮ ಟೀಮಲ್ಲಿ ಯಾರಾದ್ರೂ ತಪ್ಪು ಮಾಡಿದ್ರೆ ಏನಾಗುತ್ತೆ?' 'ಅಣ್ಣಾ, ಡೌಟ್ ಬಂದ್ರೆ ಯಾರನ್ನು ಕೇಳ್ತೀರಾ?' ಅವರು ತಕ್ಷಣ ಒಬ್ಬರ ಹೆಸರು ಹೇಳಿದ್ರೆ ಒಳ್ಳೇ ಲಕ್ಷಣ. ಕಂಪನಿ ಒಳ್ಳೇದಾ ಅಂತ ಮಾತ್ರ ಕೇಳಬೇಡಿ, ಆ ಟೀಮ್ ಹೇಗಿದೆ ಅಂತ ಕೇಳಿ.

ಎರಡು, ಕೆಲಸಕ್ಕೆ ಸೇರಿದ ಮೊದಲ ವಾರಗಳು ಮುಖ್ಯ. ಒಳಗಿನವರು, ಹೊರಗಿನವರು ಅನ್ನೋ ಚಕ್ರ ಬೇಗ ತಿರುಗೋಕೆ ಶುರುವಾಗುತ್ತೆ. ಚಮಚಾಗಿರಿ ಬೇಡ. ಹೇಳಿದ ಒಂದು ಕೆಲಸ ಹೇಳಿದ ಟೈಮಿಗೆ ಮುಗಿಸೋದು, ಆಗದಿದ್ರೆ ಮೊದಲೇ ಹೇಳೋದು, ಇಷ್ಟರಿಂದಲೇ ನಂಬಿಕೆ ಶುರುವಾಗುತ್ತೆ.

ಮೂರನೆಯದು ನನಗೆ ನಾನೇ ಹೇಳಿಕೊಳ್ಳೋದು. ಈ ಸೆಮಿಸ್ಟರ್ ಒಂದು ಕಾರ್ಯಕ್ರಮಕ್ಕೆ ನಾನು ಕೋಆರ್ಡಿನೇಟರ್ ಆಗಿದ್ದೆ. ಮೊದಲ ಮೀಟಿಂಗಿಗೆ ತಡವಾಗಿ ಬಂದ ಒಬ್ಬ ಜೂನಿಯರ್‌ಗೆ ಎಲ್ಲರ ಮುಂದೆ ರೇಗಿದ್ದೆ. ಎರಡು ವಾರದ ಮೇಲೆ, ಕಾರ್ಯಕ್ರಮದ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಗೊತ್ತಾಯ್ತು, ಬ್ಯಾನರ್ ಪ್ರಿಂಟ್ ಆಗಿಲ್ಲ. ಫೈಲ್ ಸರಿ ಇಲ್ಲ ಅಂತ ಅಂಗಡಿಯವರು ಮೂರು ದಿನ ಮೊದಲೇ ಅವನಿಗೆ ಹೇಳಿದ್ದರಂತೆ. 'ಮತ್ತೆ ನನಗೆ ಯಾಕೋ ಹೇಳಲಿಲ್ಲ?' ಅಂದೆ. ಅವನು ತಲೆ ತಗ್ಗಿಸಿಕೊಂಡು 'ನೀವು ಬೈತೀರಾ ಅಂತ, ಅಣ್ಣಾ' ಅಂದ.

'ಈ ಹುಡುಗನಿಗೆ ಆಟಿಟ್ಯೂಡ್ ಸರಿ ಇಲ್ಲ' ಅನ್ನೋ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ವರ್ನಿಯರ್ ನೆನಪಾಯ್ತು. ಸುಮ್ಮನಾದೆ. ಇಬ್ಬರೂ ಸೇರಿ ಹೋಗಿ, ಅಂಗಡಿಯ ಶಟರ್ ಅರ್ಧ ಎಳೆದಿದ್ದವರನ್ನು ಬೇಡಿಕೊಂಡು ಬ್ಯಾನರ್ ಹಾಕಿಸಿಕೊಂಡು ಬಂದ್ವಿ. ದಾರಿಯಲ್ಲಿ ಅವನಿಗೆ ಸಾರಿ ಹೇಳಿದೆ. ಮುಂದಿನ ಸಲ ಏನಾದ್ರೂ ಎಡವಟ್ಟಾದ್ರೆ ಅವನು ಮೊದಲು ನನಗೇ ಫೋನ್ ಮಾಡ್ತಾನಾ ಅಂತ ಕಾದು ನೋಡ್ತಿದ್ದೀನಿ.